ಮಳೆಗೆ ಮೊದ್ಲೇ ಗುರಿಕಾರರನ್ನು ಕೂರಿಸಿ

ಪ್ರಶ್ನೆ: 2020ರ ಸೆಪ್ಟೆಂಬರ್‌ನಲ್ಲಿ ಸ್ವರ್ಣಾ ನದಿ ಉಕ್ಕಿದಾಗ ನಮ್ಮ ಚರ್ಚ್ ಹಾಲ್ ತೆರೆದು ಕೊಟ್ಟಿದ್ವಿ, ಗಂಜಿ ಊಟ ಎಲ್ಲಾ ಆಯ್ತು, ಆದ್ರೆ ಎಲ್ಲ ಗಡಿಬಿಡಿಯಲ್ಲೇ. ಈ ಸಲ ಮಳೆಗೆ ಮೊದ್ಲೇ ತಯಾರಿ ಮಾಡುವ ಅಂತ ಉಂಟು, ಎಲ್ಲಿಂದ ಶುರು ಮಾಡ್ಬೇಕು?
– ಒಬ್ಬ ಓದುಗರು, ಉಡುಪಿ

ಉತ್ತರ: ವಾಳೆಯ ಗುರಿಕಾರರಿಂದ, ಅಂದ್ರೆ ಚರ್ಚಿನ ಒಂದೊಂದು ವಾರ್ಡಿನ ಮುಖಂಡರಿಂದ ಶುರು ಮಾಡಿ. ಯಾವ ಮನೇಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾರೆ, ಮಕ್ಕಳೆಲ್ಲ ಗಲ್ಫಲ್ಲಿದ್ದು ವಯಸ್ಸಾದ ಇಬ್ರೇ ಇರುವ ಮನೆ ಯಾವ್ದು, ಯಾರಿಗೆ ಡಯಾಲಿಸಿಸ್ ಆಗ್ತಾ ಉಂಟು, ಯಾರು ಬಸುರಿ, ಇದೆಲ್ಲ ಅವ್ರಿಗೆ ಬಾಯಿಪಾಠ, ಯಾವ ಆಫೀಸಿನ ಫೈಲಲ್ಲೂ ಇಷ್ಟು ಸಿಗೋದಿಲ್ಲ ಮಾರಾಯ್ರೆ. ಆದ್ರೆ ಅವರ ಪಟ್ಟಿಯಲ್ಲಿ ಇರೋದು ಕ್ರೈಸ್ತರ ಮನೆ ಮಾತ್ರ, ನೆರೆ ಬರೋದು ಇಡೀ ಕೇರಿಗೆ, ಹಾಗಾಗಿ ಮಸೀದಿಯ ಜಮಾತ್ ಕಮಿಟಿಯವರನ್ನು, ಭಜನಾ ಮಂದಿರದವರನ್ನು, ಆಶಾ ಕಾರ್ಯಕರ್ತೆಯನ್ನು ಏಪ್ರಿಲ್‌ನಲ್ಲೇ ಒಟ್ಟಿಗೆ ಕೂರಿಸಿ ಒಂದೇ ಪಟ್ಟಿ ಮಾಡಿ, ಯಾರನ್ನು ಯಾರು ಹೊತ್ತು ತರೋದು ಅಂತ ಹೆಸರು ಹಾಕಿ. ಆ ಪಟ್ಟಿ ಮಾತ್ರ ವಾಟ್ಸಾಪ್ ಗ್ರೂಪಿಗೆ ಹಾಕ್ಬೇಡಿ, ಜನರ ಕಾಯಿಲೆ ವಿಷ್ಯ ಅದು.

ಇನ್ನು ಹಾಲ್. ಮದುವೆಗೆ 200 ಜನ ಕೂರ್ತಾರೆ ಅಂದ ಕೂಡ್ಲೆ 200 ಜನ ಮಲಗ್ಲಿಕ್ಕೆ ಆಗೋದಿಲ್ಲ. ಸ್ಫಿಯರ್ ಅಂತ ಪರಿಹಾರ ಕೆಲಸದವರು ಇಡೀ ಪ್ರಪಂಚದಲ್ಲಿ ಪಾಲಿಸುವ ಮಾನದಂಡ ಉಂಟು, ಅದ್ರಲ್ಲಿ ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ಜಾಗ, ದಿನಕ್ಕೆ 15 ಲೀಟರ್ ನೀರು, 20 ಜನಕ್ಕೆ ಒಂದು ಟಾಯ್ಲೆಟ್. ಅಂದ್ರೆ 2000 ಚದರಡಿ ಹಾಲಲ್ಲಿ ಐವತ್ತು ಚಿಲ್ಲರೆ ಜನ ಅಷ್ಟೇ. ಉಳಿದವರಿಗೆ ಪಕ್ಕದ ಶಾಲೆಯೋ ಮದ್ರಸಾವೋ ಈಗ್ಲೇ ಮಾತಾಡಿ ಇಡಿ. ಹೆಂಗಸರಿಗೆ ಬೇರೆ ರೂಮು, ಟಾಯ್ಲೆಟ್ಟಿಗೆ ಹೋಗುವ ದಾರೀಲಿ ಲೈಟು ಬೇಕೇ ಬೇಕು. ಕರೆಂಟ್ ಹೋದ್ರೆ ಪಂಪೂ ಇಲ್ಲ, ಜನರೇಟರ್ ನೋಡ್ಕೊಳ್ಳಿ. ಹಾಲಿಗೆ ಹೋಗುವ ರಸ್ತೆಯೇ ಮುಳುಗೋದಾದ್ರೆ ಅದನ್ನು ಬಿಟ್ಟುಬಿಡಿ.

ಸರಕಾರಕ್ಕೆ ಹೇಳದೆ ಮಾಡ್ಬೇಡಿ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಡಿಸಿಯವರೇ ಅಧ್ಯಕ್ಷರು, ಪಂಚಾಯತ್ ಮತ್ತು ತಹಶೀಲ್ದಾರ್ ಮೂಲಕ ಪತ್ರ ಕೊಟ್ಟು ನಿಮ್ಮ ಹಾಲನ್ನು ಕಾಳಜಿ ಕೇಂದ್ರದ (ಸರಕಾರದ ಪರಿಹಾರ ಶಿಬಿರ) ಪಟ್ಟಿಗೆ ಸೇರಿಸ್ಲಿಕ್ಕೆ ಕೇಳಿ, ಬೀಗದ ಕೈ ಇರುವ ಇಬ್ಬರ ನಂಬರ್ ಅದ್ರಲ್ಲೇ ಬರೀರಿ. ಪಟ್ಟಿಯಲ್ಲಿದ್ರೆ ಅಕ್ಕಿ, ಡಾಕ್ಟರ್ ಎಲ್ಲಾ ಅಲ್ಲಿಗೇ ಕಳಿಸ್ಲಿಕ್ಕೆ ಅವ್ರಿಗೂ ಸುಲಭ.

ಒಂದು ಮಾತು ಗಟ್ಟಿಯಾಗಿ ಹೇಳ್ತೇನೆ, ಮನೆ ಕಳ್ಕೊಂಡು ಬಂದವರ ಎದುರು ಪ್ರಾರ್ಥನೆಗೆ ಕರೆಯೋದು, ಬ್ಯಾನರ್ ಹಿಡಿದು ಫೋಟೋ ತೆಗೆಯೋದು ಬೇಡ. ನಮಾಜಿಗೆ ಒಂದು ಮೂಲೆ ಬಿಡಿ, ಸಸ್ಯಾಹಾರಿಗಳಿಗೆ ಬೇರೆ ಪಾತ್ರೆ ಇಡಿ. ಜಿಲ್ಲೆಯ ಕಂಟ್ರೋಲ್ ರೂಮ್ ನಂಬರ್ 1077, ಹಾಲ್ ಬಾಗಿಲ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ.