ಬಾಗೇಪಲ್ಲಿಯಲ್ಲಿ ‘ಪರ್ವಾಲೇದು’ ಅಂದರೆ ಒಪ್ಪಿಗೆಯಾ?

ಶಿರಸಿಯಿಂದ ಆಂಧ್ರ ಗಡಿಯ ನಮ್ಮ ಬಾಗೇಪಲ್ಲಿಗೆ ಬಂದ ಮೇಷ್ಟ್ರೊಬ್ಬರ ಪ್ರಶ್ನೆ ಇದು: ಬಾಡಿಗೆ ಮನೆಗೆ ನಾಯಿ ತರಬಹುದಾ ಅಂದರೆ ಮನೆ ಓನರಮ್ಮ ತೆಲುಗಿನಲ್ಲಿ ‘ಪರ್ವಾಲೇದುಲೇ’ ಅಂದರು, ಅದು ಒಪ್ಪಿಗೆಯಾ? ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ ಮೇಷ್ಟ್ರೇ, ನಾಯಿಯನ್ನು ಶಿರಸಿಯಿಂದ ಇನ್ನೂ ತರಬೇಡಿ. ಓನರಮ್ಮ ‘ಪರ್ವಾಲೇದುಲೇ’ ಅಂದಿದ್ದು ಒಪ್ಪಿಗೆ ಅಲ್ಲ. ಬೇಡ ಅಂತಲೂ ಅಲ್ಲ.

ಪರ್ವಾ ಅನ್ನುವುದು ಮೂಲದಲ್ಲಿ ಪರ್ಷಿಯನ್ ಮಾತು. ಅದು ಕನ್ನಡದಲ್ಲಿ ಪರವಾಗಿಲ್ಲ ಆಯ್ತು, ತೆಲುಗಿನಲ್ಲಿ ಪರ್ವಾಲೇದು, ಕೆಜಿಎಫ್ ಕಡೆ ಹೋದರೆ ತಮಿಳಿನ ಪರವಾಯಿಲ್ಲೈ ಕೂಡ ಕಿವಿಗೆ ಬೀಳುತ್ತದೆ. ಬಸ್ಸಿನಲ್ಲಿ ಕಾಲು ತುಳಿದರೆ ಪರವಾಗಿಲ್ಲ, ಸಾರಿಗೆ ಉಪ್ಪು ಕಮ್ಮಿಯಾದರೂ ಪರವಾಗಿಲ್ಲ, ಮಗ ತೊಂಬತ್ತು ಮಾರ್ಕ್ಸ್ ತಂದರೆ ಹುಬ್ಬು ಏರಿಸಿ ‘ಪರವಾಗಿಲ್ವೇ!’. ಮೊದಲನೆಯದು ಕ್ಷಮೆ, ಎರಡನೆಯದು ಸಹನೆ, ಮೂರನೆಯದು ಹೊಗಳಿಕೆ. ತೆಲುಗಿನ ಪರ್ವಾಲೇದು ಕೊನೆಗೆ ‘ಲೇ’ ಸೇರಿದರೆ ‘ಬಿಡಿ, ಏನು ಮಾಡೋಕಾಗುತ್ತೆ’ ಅನ್ನೋ ಧಾಟಿ ಬರುತ್ತದೆ. ನಿಮ್ಮ ಓನರಮ್ಮ ಅಲ್ಲೇ ಇದ್ದಾರೆ.

ನಮ್ಮ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಹಾಗಾಗಿ ಕ್ಲಾಸಿನಲ್ಲಿ ಒಂದು ಹುಡುಗ ಸ್ಲೇಟು ತೋರಿಸಿ ‘ಒಪ್ಪಾ ತಪ್ಪಾ ಸಾರ್?’ ಅಂದರೆ ಗಾಬರಿಯಾಗಬೇಡಿ. ತೆಲುಗಿನಲ್ಲಿ ಒಪ್ಪು ಅಂದರೆ ಸರಿ ಉತ್ತರ. ಕನ್ನಡದಲ್ಲಿ ಒಪ್ಪುವುದಕ್ಕೆ ಮನಸ್ಸು ಬೇಕು, ಸೀರೆ ಮೈಗೆ ಒಪ್ಪುವುದಕ್ಕೆ ಬಣ್ಣ ಬೇಕು. ತಡೆದುಕೊಳ್ಳೋದಕ್ಕೆ ತೆಲುಗಿನಲ್ಲಿ ಓರ್ಚುಕೋ, ಹೊಂದಿಕೊಳ್ಳೋದಕ್ಕೆ ಸರ್ದುಕೋ. ತಾಳು ಮಾತ್ರ ಎರಡೂ ಕಡೆಯದು, ಕನ್ನಡದಲ್ಲಿ ತಾಳಲಾರೆ ಅಂದರೆ ತೆಲುಗಿನಲ್ಲಿ ತಾಳಲೇನು. ಇಬ್ಬರಿಗೆ ಒಬ್ಬರನ್ನೊಬ್ಬರು ಕಂಡರೆ ಆಗದಿದ್ದರೆ ತೆಲುಗಿನಲ್ಲಿ ‘ಪಡದು’. ನಮ್ಮ ಸೋದರತ್ತೆ ಅದನ್ನು ಹಾಗೇ ಕನ್ನಡಕ್ಕೆ ಎಳೆದು ‘ಅವರಿಬ್ಬರಿಗೂ ಬೀಳಲ್ಲ’ ಅಂದುಬಿಟ್ಟರು. ಬೆಂಗಳೂರಿನ ಸೊಸೆ ಎಲ್ಲಿಂದ ಬೀಳಲ್ಲ ಅಂತ ಕೇಳಿದಳು!

ಸಹಿಸೋದು ಬೇರೆ, ಒಪ್ಪೋದು ಬೇರೆ ಅನ್ನೋದಕ್ಕೆ ನಮ್ಮ ಕೆರೆಗಳನ್ನೇ ನೋಡಿ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ, ಆಮೇಲೆ ಚಿಕ್ಕಬಳ್ಳಾಪುರದ ಕಡೆಗೂ ಬಂತು. ಮೂರನೇ ಹಂತವೂ ಆಗಬೇಕು ಅಂತ ಜನ ಕೇಳುತ್ತಲೇ ಇದ್ದಾರೆ. ಬೋರ್‌ವೆಲ್‌ನಲ್ಲಿ ನೀರು ಮೇಲೆ ಬಂದಿದ್ದು ಸುಳ್ಳಲ್ಲ, ಅದಕ್ಕೇ ಬೇಡ ಅನ್ನಲು ಬಾಯಿ ಬರಲ್ಲ. ಹಾಗಂತ ಒಪ್ಪಿದ್ದಾರೆ ಅಂತ ಯಾರಾದರೂ ಬರೆದರೆ ಅದು ತಪ್ಪು. ತಡ್ಕೊಂಡಿದ್ದಾರೆ, ಅಷ್ಟೇ.

ಕಾಗದದ ಮಾತುಗಳದ್ದು ಇನ್ನೊಂದು ಕಥೆ. ಸಾಲ ಮಂಜೂರಾಗುತ್ತದೆ, ಠರಾವು ಅಂಗೀಕಾರವಾಗುತ್ತದೆ, 2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಬಾಗೇಪಲ್ಲಿಗೆ ಭಾಗ್ಯನಗರ ಅಂತ ಹೆಸರಿಡಲು ‘ಅನುಮೋದನೆ’ ಕೊಟ್ಟಿತು. ಪಲ್ಲಿ ಅನ್ನೋದು ತೆಲುಗು ಥರ ಕೇಳುತ್ತೆ ಅಂತ ಆಕ್ಷೇಪ ಇತ್ತು. ಆದರೆ ಭಾಗ್ಯನಗರ ಅಂದರೆ ಗಡಿಯಾಚೆ ಸುಮಾರು ಜನ ಹೈದರಾಬಾದ್ ಅಂದುಕೊಳ್ಳುತ್ತಾರೆ, ಅದನ್ನು ಯಾರೂ ಯೋಚಿಸಿದ ಹಾಗಿಲ್ಲ. ಮೊನ್ನೆ ಬಸ್ಸಿನಲ್ಲಿ ನಾನು ಟಿಕೆಟ್ ಕೇಳಿದ್ದು ಬಾಗೇಪಲ್ಲಿಗೇ.

ಮೌನದ ವಿಷಯ ಹೇಳದಿದ್ದರೆ ಉತ್ತರ ಪೂರ್ತಿಯಾಗಲ್ಲ. ಅಕ್ಕನಿಗೆ ಗಡಿಯಾಚೆ ಆಂಧ್ರದ ಹಿಂದೂಪುರದ ಸಂಬಂಧ ಬಂದಿತ್ತು. ಜಾತಕ, ಒಡವೆ, ಎಲ್ಲ ಮಾತಾಯ್ತು, ಮದುವೆ ಎಲ್ಲಿ ಅನ್ನೋ ಹೊತ್ತಿಗೆ ಅಪ್ಪ ಸುಮ್ಮನಾದರು. ತುಮಕೂರಿನಿಂದ ಬಂದಿದ್ದ ನಮ್ಮ ದೊಡ್ಡಪ್ಪನಿಗೆ ಬಸ್ಸಿನ ಆತುರ, ‘ಮೌನಂ ಸಮ್ಮತಿ ಲಕ್ಷಣಂ, ಎಲೆ ಅಡಿಕೆ ಬದಲಾಯಿಸಿಬಿಡಿ’ ಅಂದರು. ಗಂಡಿನ ತಾತ ತಟ್ಟೆ ಮುಟ್ಟಲಿಲ್ಲ. ನಕ್ಕು, ‘ಮಾಲೋ ಮೌನಂ ಅರ್ಧಾಂಗೀಕಾರಂ’ ಅಂದರು. ನಮ್ಮಲ್ಲಿ ಸುಮ್ಮನಿದ್ದರೆ ಅರ್ಧ ಒಪ್ಪಿಗೆ ಮಾತ್ರ ಅಂತ. ಗಾದೆ ಅದೇ, ಗಡಿ ದಾಟುವಾಗ ಅರ್ಧ ಕಮ್ಮಿಯಾಗಿದೆ ನೋಡಿ. ಉಳಿದರ್ಧ ಏನು ಹೇಳಿ ಬಾವಗಾರೂ ಅಂತ ಅವರೇ ಕೇಳಿದರು. ಅಪ್ಪ ಕಾಫಿ ಲೋಟ ಕೆಳಗಿಟ್ಟು, ಮದುವೆ ನಮ್ಮೂರಲ್ಲೇ ಆಗಬೇಕು ಅಂದರು. ತಾತ ಸರೇ ಅಂದರು, ಗಟ್ಟಿಯಾಗಿ, ಒಂದೇ ಸಲ. ಆ ಸರೇ ಒಪ್ಪಿಗೆ. ‘ಸರೇ ಸರೇ’ ಅಂತ ಎರಡು ಸಲ ಗಡಿಬಿಡಿಯಲ್ಲಿ ಅಂದಿದ್ದರೆ ಅದು ಮಾತು ಮುಗಿಸೋ ಸರೇ.

ನೀವೂ ಹಾಗೇ ಉಳಿದರ್ಧ ಕೇಳಿ. ಭಾನುವಾರ ಬೆಳಗ್ಗೆ, ನೀರು ಹಿಡಿದು ಮುಗಿದ ಮೇಲೆ ಹೋಗಿ, ‘ಅಮ್ಮಾ, ನಾಯಿ ವಿಷಯ ನಿಮಗೆ ಏನಾದರೂ ಅನುಮಾನ ಇದ್ದರೆ ಹೇಳಿ’ ಅನ್ನಿ. ‘ಮೀ ಇಷ್ಟಂ’ ಅಂದರೆ ನಾಯಿಯನ್ನು ಊರಲ್ಲೇ ಬಿಡಿ, ಅದರಲ್ಲಿ ನಿಮ್ಮ ಇಷ್ಟ ಏನೂ ಇಲ್ಲ. ರಾತ್ರಿ ಬೊಗಳುತ್ತಾ, ಏನು ತಿನ್ನುತ್ತೆ, ಮುದ್ದೆ ಹಾಕಬಹುದಾ ಅಂತ ಕೇಳಿದರೆ ಮಾತ್ರ ಕರ್ಕೊಂಡು ಬನ್ನಿ.