ಚೀಟಿ ಬಟ್ಟಿ ಅಂದ್ರ ಯಾವ್ದು?

ಅಜ್ಜಿ ‘ಚೀಟಿ ಲಂಗ’ ಅಂತಿದ್ರು, ಚೀಟಿ ಅಂದ್ರ ಕಾಗದ ಅಲ್ವಾ ಅಂತ ಕೇಳೀರಿ. ಅಲ್ರೀ, ಇದು ಬ್ಯಾರೆ ಶಬ್ದ. ಹೂವು, ಬಳ್ಳಿ, ಚುಕ್ಕಿ ಅಚ್ಚು ಹಾಕಿದ ಬಣ್ಣಬಣ್ಣದ ಹತ್ತಿ ಬಟ್ಟಿಗೆ ಚೀಟಿ ಅಂತಾರ. ಹಿಂದಿ ಕಡಿ ‘ಛೀಂಟ್’ ಅಂದ್ರ ಸಿಡಿದ ಹನಿ, ಚುಕ್ಕಿ, ಅದರಿಂದ ಬಂದದ್ದು, ಇಂಗ್ಲಿಷಿನ ‘ಚಿಂಟ್ಜ್’ ಸೈತ ಅದ ಬೇರಿಂದ. ಕಾಗದದ ಚೀಟಿ ‘ಚಿಟ್ಠಿ’ ಕಡಿಂದ ಬಂದದ್ದು.

ಈ ಬಟ್ಟಿನ ಸಾದಾ ಅನ್ಕೋಬ್ಯಾಡ್ರಿ. ಮಚಲಿಪಟ್ಟಣದಂಥ ಬಂದರಿನಿಂದ ಹಡಗು ತುಂಬ ಯುರೋಪಿಗೆ ಹೋಗ್ತಿತ್ತು, ಬಟ್ಟಿಗೆ ಪಟಕ (ಆಲಂ ಅನ್ನೋ ಉಪ್ಪು) ಹಚ್ಚಿ ಗಿಡದ ಬೇರಿನ ಕೆಂಪು ಬಣ್ಣ ಕೂಡಿಸ್ತಿದ್ರು, ಅದಕ್ಕ ಎಷ್ಟ್ ತೊಳೆದ್ರೂ ಬಣ್ಣ ಗಟ್ಟಿ ನಿಲ್ತಿತ್ತು, ಅಲ್ಲಿಯವರಿಗೆ ಆ ವಿದ್ಯೆ ಗೊತ್ತಿರಲಿಲ್ಲ, ಜನ ಮುಗಿಬಿದ್ದು ಕೊಂಡ್ರು, ಅಲ್ಲಿಯ ನೇಕಾರರು ಗಲಾಟೆ ಮಾಡಿದ್ರು, ಕೊನೀಗೆ ಫ್ರಾನ್ಸ್ 1686ರಾಗ ಬ್ಯಾನ್ ಮಾಡ್ತು, ಇಂಗ್ಲೆಂಡಿನಾಗ 1721ರ ಕಾನೂನು 1774ರ ತನಕ ಇತ್ತು. ನಮ್ಮ ಕುಶಲಕರ್ಮಿಗಳ ಕೈಗೆ ಹೆದರಿ ಕಾನೂನು ಮಾಡಿದ್ರು ಅಂದ್ರ ನನಗ ಇವತ್ತಿಗೂ ಹೆಮ್ಮೆ ಆಗ್ತದ.

ಬಳಕೆ ಅಂದ್ರ ಲಂಗ, ಜಂಪರ್, ದಿಂಬಿನ ಕವರ್, ಪರದೆ, ಎಲ್ಲಾ. ನಮ್ ಬಳ್ಳಾರಿ ಈಗ ಜೀನ್ಸಿಗೆ ಫೇಮಸ್ಸು, ಆದ್ರ ಹಳ್ಳಿ ಮನ್ಯಾಗ ಹಳೇ ಕೌದಿ ಬಿಚ್ಚಿ ನೋಡ್ರಿ, ಒಂದರ ಚೀಟಿ ತುಂಡು ಸಿಕ್ಕೇ ಸಿಗ್ತದ. ನಮ್ಮಜ್ಜಿ ಹೊಲಿದ ಕೌದಿಯಾಗ ನಮ್ಮವ್ವನ ಸಣ್ಣಂದಿನ ಲಂಗದ ಕೆಂಪು ಹೂವು ಇನ್ನೂ ಹಂಗ ಅದಾವ.