ತೋಡಿನ ಆಚೆ ಭಾವನ ಬೋರ್, ಈಚೆ ನಮ್ಮ ಬಾವಿ

ಬದಿಯಡ್ಕ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಕಾಗದದಲ್ಲಿರುವ ವಿಷಯ ಇಷ್ಟು. ಅವರ ಅಡಿಕೆ ತೋಟ ಬದಿಯಡ್ಕ ಪಂಚಾಯತಿನ ಅಂಚಿನಲ್ಲಿದೆ. ತೋಟದ ಬುಡದಲ್ಲಿ ತೋಡು, ಅಂದರೆ ಸಣ್ಣ ಹಳ್ಳ. ತೋಡು ದಾಟಿದರೆ ಕುಂಬ್ಡಾಜೆ ಪಂಚಾಯತು. ಬದಿಯಡ್ಕ ಸೇರಿರುವುದು ಕಾಸರಗೋಡು ಬ್ಲಾಕಿಗೆ, ಕುಂಬ್ಡಾಜೆ ಕಾರಡ್ಕ ಬ್ಲಾಕಿಗೆ. ಅಂತರ್ಜಲದ ಲೆಕ್ಕದಲ್ಲಿ ಕಾಸರಗೋಡು ಬ್ಲಾಕಿನ ಹೆಸರು ಕೆಟ್ಟಿದೆ. ಹಾಗಾಗಿ ಈಚೆ ಕೊಳವೆಬಾವಿಗೆ ಅರ್ಜಿ, ಅನುಮತಿ, ಓಡಾಟ. ಆಚೆ ಅವರ ಭಾವ ಹೋದ ಬೇಸಗೆಯಲ್ಲಿ ಸುಲಭದಲ್ಲಿ ಬೋರ್ ಹಾಕಿಸಿದರಂತೆ.

'ಒಂದೇ ತೋಡಿನ ಎರಡು ದಡಕ್ಕೆ ಎರಡು ನ್ಯಾಯ ಯಾಕೆ?' ಎಂದು ಅವರ ಪ್ರಶ್ನೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅಂತರ್ಜಲದ ಗಡಿ ಬದಲಿಸಿ ಕೊಡಿ ಎಂದು ಅರ್ಜಿ ಹಾಕಬಹುದು ಅಂತ ಎಲ್ಲೋ ಓದಿದ್ದಾರೆ. ಊರಿನವರು ಸೇರಿ ಒಂದು ಮನವಿಯನ್ನೂ ಬರೆದಿಟ್ಟಿದ್ದಾರೆ: ನಮ್ಮ ವಾರ್ಡನ್ನು ಕಾಸರಗೋಡು ಬ್ಲಾಕಿನ ನೀರಿನ ಲೆಕ್ಕದಿಂದ ತೆಗೆದು ಕಾರಡ್ಕಕ್ಕೆ ಸೇರಿಸಿ. ಸಹಿ ಹಾಕಲೋ ಬೇಡವೋ ಎಂದು ನನ್ನನ್ನು ಕೇಳಿದ್ದಾರೆ.

ಪ್ರಿಯ ಓದುಗರೇ,

ನಮ್ಮ ಕಾಸರಗೋಡಿನವರ ಮುಂದೆ 'ಗಡಿ' ಎಂಬ ಮಾತು ತೆಗೆಯುವುದೇ ಕಷ್ಟ. 1956ರ ಗೆರೆ, 1967ರ ಮಹಾಜನ ವರದಿ, ಚಂದ್ರಗಿರಿ ಹೊಳೆಯ ಉತ್ತರ, ದಕ್ಷಿಣ – ಮಾತು ಅಲ್ಲಿಗೇ ಹೋಗಿ ನಿಲ್ಲುತ್ತದೆ. ಇವತ್ತು ಅದು ಬೇಡ. ನಿಮ್ಮದು ಭಾಷೆಯ ಗಡಿ ಅಲ್ಲ, ಬಾವಿಯ ಗಡಿ.

ಮೊದಲು ನಿಮ್ಮ ಸಿಟ್ಟು ಸರಿ ಎಂದು ಒಪ್ಪುತ್ತೇನೆ. ಪಂಚಾಯತು, ಬ್ಲಾಕು ಎಲ್ಲ ಆಡಳಿತಕ್ಕಾಗಿ ಮಾಡಿಕೊಂಡ ಗೆರೆಗಳು. ಮೊನ್ನೆ ಮೊನ್ನೆ ಪಂಚಾಯತು ಚುನಾವಣೆಗೆ ಮೊದಲು ವಾರ್ಡುಗಳ ಗಡಿ ಬದಲಾಯಿತಲ್ಲ, ಯಾವ ಬಾವಿಗಾದರೂ ಗೊತ್ತಾಯಿತಾ? ಆದರೂ ಕೇರಳದಲ್ಲಿ ಅಂತರ್ಜಲವನ್ನು ಅಳೆಯುವುದು ಬ್ಲಾಕಿನ ಲೆಕ್ಕದಲ್ಲಿ. ಕರ್ನಾಟಕದಲ್ಲಿ ತಾಲೂಕು, ತಮಿಳುನಾಡಿನಲ್ಲಿ ಫಿರ್ಕಾ, ಅಂದರೆ ಕೆಲವು ಗ್ರಾಮಗಳ ಗುಂಪು. ಮಹಾರಾಷ್ಟ್ರದಲ್ಲಿ ಮಳೆನೀರು ಇಳಿಯುವ ಜಲಾನಯನವನ್ನೇ ಹಿಡಿದು ಲೆಕ್ಕ ಹಾಕುತ್ತಾರೆ. ಗಟ್ಟಿ ಬಂಡೆಯ ನೆಲದಲ್ಲಿ ಹಾಗೇ ಮಾಡುವುದು ಒಳ್ಳೆಯದು ಎಂದು ಕೇಂದ್ರದ ಲೆಕ್ಕವಿಧಾನವೂ ಹೇಳುತ್ತದೆ. ನಮ್ಮ ಕೆಂಪುಕಲ್ಲಿನ ಅಡಿಯಲ್ಲಿ ಇರುವುದು ಗಟ್ಟಿ ಬಂಡೆಯೇ.

ಲೆಕ್ಕ ಹೇಗೆ? ಒಂದು ವರ್ಷದಲ್ಲಿ ನೆಲಕ್ಕೆ ಇಂಗಿ ನಮ್ಮ ಬಳಕೆಗೆ ಸಿಗುವ ನೀರು ನೂರು ಕೊಡಪಾನ ಅಂತ ಇಟ್ಟುಕೊಳ್ಳಿ. ಎಪ್ಪತ್ತರವರೆಗೆ ಎತ್ತಿದರೆ ಆ ಜಾಗ 'ಸುರಕ್ಷಿತ'. ತೊಂಬತ್ತರವರೆಗೆ 'ಅರೆ ಗಂಭೀರ'. ನೂರರವರೆಗೆ 'ಗಂಭೀರ'. ನೂರು ದಾಟಿದರೆ 'ಅತಿಬಳಕೆ'. ಕಾಸರಗೋಡು ಬ್ಲಾಕು 2004ರ ಲೆಕ್ಕದಲ್ಲಿ ಅತಿಬಳಕೆಯ ಪಟ್ಟಿಯಲ್ಲಿತ್ತು. ಆಮೇಲಿನ ಲೆಕ್ಕಗಳಲ್ಲಿ 'ಗಂಭೀರ'ಕ್ಕೆ ಇಳಿಯಿತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಿಗೆ ಇಂಥ ಹಣೆಪಟ್ಟಿ ನೋಡಿ. ಕೇರಳದ 2002ರ ಅಂತರ್ಜಲ ಕಾಯಿದೆಯಲ್ಲಿ ಅಧಿಸೂಚನೆ ಆದ ಜಾಗದಲ್ಲಿ ಹೊಸ ಬಾವಿಗೆ ಅನುಮತಿ ಬೇಕು. ನಿಮ್ಮ ಓಡಾಟದ ಬೇರು ಅಲ್ಲಿದೆ.

ಈ ಲೆಕ್ಕದಲ್ಲಿ ಇನ್ನೊಂದು ತಮಾಷೆ ಇದೆ. ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಇಳಿಜಾರಿರುವ ಗುಡ್ಡವನ್ನು ಲೆಕ್ಕದಿಂದಲೇ ಬಿಡುತ್ತಾರೆ. ಅಲ್ಲಿ ಮಳೆ ನಿಲ್ಲದೆ ಓಡಿ ಹೋಗುತ್ತದೆ, ಇಂಗುವುದು ಕಡಿಮೆ ಎಂಬ ಕಾರಣಕ್ಕೆ. ನಿಯಮ ತಪ್ಪಲ್ಲ. ಆದರೆ ಬಾಯಾರು, ಪೆರ್ಲ ಕಡೆ ಇಂಥದೇ ಗುಡ್ಡೆಯ ಹೊಟ್ಟೆಗೆ ಸುರಂಗ ಕೊರೆದು ಮೂರು ತಲೆಮಾರು ನೀರು ಕುಡಿದವರಿಗೆ ಅದನ್ನು ವಿವರಿಸಿ ಹೇಳುವುದು ಯಾರು?

ಇನ್ನು ಕ್ಯಾಲಿಫೋರ್ನಿಯಾ. ನೀವು ಓದಿದ್ದು ನಿಜ. 2014ರಲ್ಲಿ ಅಲ್ಲಿ ಅಂತರ್ಜಲ ಕಾನೂನು ಬಂತು. ಆ ರಾಜ್ಯದಲ್ಲಿ ಐನೂರಕ್ಕೂ ಹೆಚ್ಚು ಅಂತರ್ಜಲ ಬೇಸಿನ್‌ಗಳನ್ನು, ಅಂದರೆ ನೆಲದಡಿಯ ನೀರಿನ ಬಟ್ಟಲುಗಳನ್ನು, ಗುರುತು ಮಾಡಿದ್ದಾರೆ. ಮುಖ್ಯವಾದ ಬೇಸಿನ್‌ಗಳಲ್ಲಿ ಊರಿನವರೇ ಸಂಸ್ಥೆ ಕಟ್ಟಬೇಕು, ಯೋಜನೆ ಬರೆಯಬೇಕು, ಇಪ್ಪತ್ತು ವರ್ಷದಲ್ಲಿ ನೀರಿನ ಆಯವ್ಯಯ ಸರಿತೂಗಿಸಬೇಕು. ಯಾರು ಯಾರ ಜೊತೆ ಕೂತು ಯೋಜನೆ ಬರೆಯಬೇಕು ಎನ್ನುವುದನ್ನು ತೀರ್ಮಾನಿಸುವುದೇ ಗಡಿ. ಅದಕ್ಕೇ 2016ರಲ್ಲಿ ಒಮ್ಮೆ, 2018ರಲ್ಲಿ ಮತ್ತೊಮ್ಮೆ ಗಡಿ ಬದಲಾವಣೆಗೆ ಅರ್ಜಿ ಕರೆದರು.

ಆದರೆ ನನಗೂ ನನ್ನ ಭಾವನಿಗೂ ಜಗಳ, ಗಡಿ ಸರಿಸಿ ಎಂದು ಒಬ್ಬರು ಹೋಗಿ ಕೇಳುವ ಹಾಗಿಲ್ಲ. ಕೇಳಬೇಕಾದದ್ದು ಸ್ಥಳೀಯ ಸಂಸ್ಥೆ. ಕಾರಣ ಎರಡು ಬಗೆ. ಒಂದು, ನೆಲದಡಿಯ ಕಾರಣ: ಇಲ್ಲಿ ನೀರನ್ನು ತಡೆಯುವ ಬಂಡೆಯೋ ಬಿರುಕೋ ಇದೆ ಎಂದು ತೋರಿಸಬೇಕು. ಇನ್ನೊಂದು, ಆಡಳಿತದ ಕಾರಣ: ಹೀಗೆ ಮಾಡಿದರೆ ನಿರ್ವಹಣೆ ಸುಲಭ ಎಂದು ತೋರಿಸಬೇಕು. ಎರಡರಲ್ಲೂ ನೆರೆಯವರಿಗೆ ತಿಳಿಸಲೇಬೇಕು. ಗಡಿ ಬದಲಾದರೆ ಪಕ್ಕದ ಬೇಸಿನ್‌ನವರ ಕೆಲಸ ಕೆಡುತ್ತದಾ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ಈ ಕೊನೆಯದು ನನಗೆ ತುಂಬ ಹಿಡಿಸಿತು.

ಎರಡು ಉದಾಹರಣೆ ಹೇಳುತ್ತೇನೆ. ಪಾಸೊ ರೋಬಲ್ಸ್ ಬೇಸಿನ್‌ನಿಂದ ಅಟಾಸ್ಕಡೆರೊ ಎಂಬ ಭಾಗ ಬೇರೆಯಾಯಿತು. ನಡುವೆ ರಿಂಕೊನಾಡಾ ಎಂಬ ನೆಲಬಿರುಕು ಇದೆ, ಅದು ನೀರನ್ನು ಅಡ್ಡಗಟ್ಟುತ್ತದೆ ಎಂಬುದು ಕಾರಣ. ಸಾಂತಾ ಕ್ರೂಸ್ ಕಡೆ ಆದದ್ದು ಇದಕ್ಕೆ ಉಲ್ಟಾ. ನಾಲ್ಕು ಬೇಸಿನ್‌ಗಳ ತುಂಡುಗಳನ್ನು ಸೇರಿಸಿ ಒಂದು ಮಾಡಿದರು. ಅಂದರೆ ಗಡಿ ಬದಲಾವಣೆ ಎಂದರೆ ಬಿಡಿಸಿಕೊಂಡು ಹೋಗುವುದು ಮಾತ್ರ ಅಲ್ಲ, ಕೂಡಿಕೊಳ್ಳುವುದೂ ಹೌದು.

ಇಲ್ಲಿಗೆ ನಿಮ್ಮ ತೋಡಿಗೆ ಬರುತ್ತೇನೆ. ನಿಮ್ಮ ಮನವಿಯಲ್ಲಿ ಒಂದು ಸಾಲಿದೆ: 'ತೋಡಿನ ಆಚೆ ಈಚೆ ನೀರು ಒಂದೇ.' ಇದು ಪೂರ್ತಿ ಸತ್ಯ. ಮನವಿಯನ್ನು ಬುಡಮೇಲು ಮಾಡುವ ಸಾಲೂ ಇದೇ.

ನಮ್ಮ ಗುಡ್ಡೆಗಳಲ್ಲಿ ನೀರು ಹೇಗೆ ನಡೆಯುತ್ತದೆ, ನಿಮಗೆ ನಾನು ಹೇಳಬೇಕಾಗಿಲ್ಲ. ಮಳೆ ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ತೂತುಗಳಲ್ಲಿ ಇಳಿಯುತ್ತದೆ. ಕೆಳಗೆ ನೀರು ಸುಲಭದಲ್ಲಿ ಇಳಿಯದ ಶೇಡಿಮಣ್ಣು ಸಿಕ್ಕಿದ ಕೂಡಲೇ ಅದರ ಮೇಲೆ ಜಾರುತ್ತಾ ಬೈಲಿನ ಕಡೆ ಬರುತ್ತದೆ. ಎರಡೂ ಕಡೆಯ ಗುಡ್ಡೆಯಿಂದ ಹೀಗೆ ಬಂದು ನಡುವೆ ತೋಡಾಗುತ್ತದೆ. ಹಾಗಾದರೆ ತೋಡು ಗಡಿ ಅಲ್ಲ. ತೋಡು ನಟ್ಟನಡು. ಗಡಿ ಇರಬೇಕಾದದ್ದು ಗುಡ್ಡೆಯ ನೆತ್ತಿಯಲ್ಲಿ, ಮಳೆನೀರು ಆ ಕಡೆ ಈ ಕಡೆ ಎಂದು ಸೀಳುವಲ್ಲಿ. ಬ್ಲಾಕಿನ ಗೆರೆ ತೋಡಿನ ಉದ್ದಕ್ಕೆ ಹೋಗಿದೆ ಎಂದರೆ ಒಂದು ಬಟ್ಟಲನ್ನು ನಡುವೆ ಕೊಯ್ದ ಹಾಗೆ. ಕ್ಯಾಲಿಫೋರ್ನಿಯಾದವರೂ ಇದರಲ್ಲಿ ನಮಗಿಂತ ಜಾಣರೇನಲ್ಲ. ಅಲ್ಲಿನ ಮೊಡೆಸ್ಟೊ, ಟರ್ಲಾಕ್ ಎಂಬ ಎರಡು ಬೇಸಿನ್‌ಗಳ ನಡುವಿನ ಗಡಿ ಟೂವಾಲಮಿ ನದಿಯೇ.

ನಿಮ್ಮ ಮನವಿ ಹೇಳುವ ಹಾಗೆ ಮಾಡಿದರೆ ಏನಾಗುತ್ತದೆ? ಗೆರೆ ನಿಮ್ಮ ವಾರ್ಡಿನ ಈಚೆ ಅಂಚಿಗೆ ಬರುತ್ತದೆ. ಅದು ಗುಡ್ಡೆಯ ನೆತ್ತಿಯಾ, ಇನ್ನೊಂದು ತೋಡಾ, ಯಾರದೋ ಆವರಣ ಗೋಡೆಯಾ? ಕಾಗದದಲ್ಲಿ ಬರೆದಿಲ್ಲ. ಇನ್ನೊಂದು ತೋಡೇ ಆದರೆ ನಿಮ್ಮ ದೂರನ್ನು ನಿಮ್ಮ ಪಕ್ಕದ ವಾರ್ಡಿನವರಿಗೆ ದಾಟಿಸಿದ ಹಾಗಾಯಿತು.

ಲೆಕ್ಕದಲ್ಲೂ ನೋಡೋಣ. ಅಂಕಿಗಳು ಸುಮ್ನೆ ಉದಾಹರಣೆಗೆ. ನಿಮ್ಮ ಬ್ಲಾಕಿನಲ್ಲಿ ನೂರು ಕೊಡಪಾನ ಇಂಗುತ್ತದೆ, ತೊಂಬತ್ತೈದು ಎತ್ತುತ್ತಾರೆ. ಪಕ್ಕದ ಬ್ಲಾಕಿನಲ್ಲಿ ನೂರು ಇಂಗುತ್ತದೆ, ಅರುವತ್ತು ಎತ್ತುತ್ತಾರೆ. ನಿಮ್ಮ ವಾರ್ಡಿನ ಪಾಲು ಹತ್ತು ಇಂಗುವುದು, ಆರು ಎತ್ತುವುದು. ನೀವು ಆಚೆ ಹೋದಿರಿ. ಈಚೆ ಉಳಿದವರಲ್ಲಿ ತೊಂಬತ್ತಕ್ಕೆ ಎಂಬತ್ತೊಂಬತ್ತು. ಅಂದರೆ ಸುಮಾರು ನೂರಕ್ಕೆ ತೊಂಬತ್ತೊಂಬತ್ತು. ಇನ್ನೊಂದು ಚೂರು ಎತ್ತಿದರೆ ಅತಿಬಳಕೆ. ಆಚೆ ನೂರಾ ಹತ್ತಕ್ಕೆ ಅರುವತ್ತಾರು, ಮೊದಲಿನ ಹಾಗೇ ನೂರಕ್ಕೆ ಅರುವತ್ತು. ನೀವು ಸುರಕ್ಷಿತರಾದಿರಿ, ಯಾರ ಬಾವಿಗೂ ಒಂದು ಹನಿ ಹೆಚ್ಚು ಬರಲಿಲ್ಲ, ಹಳೆಯ ನೆರೆಯವರ ಹೆಸರು ಮಾತ್ರ ಇನ್ನಷ್ಟು ಕೆಟ್ಟಿತು.

ಈಗ ತಿರುಗಿಸಿ ನೋಡಿ. ಸ್ಪ್ರಿಂಕ್ಲರ್ ಇರುವ ತೋಟಗಳೇ ಜಾಸ್ತಿ ಇರುವ ವಾರ್ಡು ನಿಮ್ಮದು. ಹತ್ತು ಇಂಗಿ ಹನ್ನೆರಡು ಎತ್ತುತ್ತಿದ್ದೀರಿ ಅಂತಿಟ್ಟುಕೊಳ್ಳಿ. ಆಗ ನೀವು ಹೋದರೆ ಈಚೆಯವರ ಲೆಕ್ಕ ನೂರಕ್ಕೆ ತೊಂಬತ್ತೆರಡಕ್ಕೆ ಇಳಿದು ಅವರು ಉಸಿರು ಬಿಡುತ್ತಾರೆ. ನೀವೋ, ಎಲ್ಲರಿಗಿಂತ ಜಾಸ್ತಿ ಹೀರುತ್ತಾ 'ಸುರಕ್ಷಿತ' ಎಂಬ ಕೊಡೆಯಡಿ ನಿಲ್ಲುತ್ತೀರಿ. ಇದರಲ್ಲಿ ನೀವು ಯಾವುದು? ನನಗೆ ಗೊತ್ತಾಗುವ ದಾರಿಯಿಲ್ಲ. ಮನವಿಯಲ್ಲಿ ಅಳತೆಯ ಒಂದು ಅಂಕಿಯೂ ಇಲ್ಲ.

ಬೋರ್‌ನ ಕತೆ ಬೇರೆಯೇ. ನಮ್ಮ ನೆಲವನ್ನು ಎರಡು ಮಾಳಿಗೆಯ ಮನೆ ಅಂತ ತಿಳಿಯಿರಿ. ಮೇಲಿನದು ಮುರಕಲ್ಲು. ಸುರಂಗ, ತೋಡುಬಾವಿ, ಕೆರೆಗೆ ನೀರು ಅಲ್ಲಿಂದ. ಕೆಳಗಿನದು ಬಂಡೆ. ಬೋರ್ ಹುಡುಕುವುದು ಅದರ ಬಿರುಕುಗಳನ್ನು. ಮೇಲಿನ ನೀರು ಗುಡ್ಡೆಯ ಇಳಿಜಾರಿನ ಮಾತು ಕೇಳುತ್ತದೆ. ಕೆಳಗಿನ ಬಿರುಕು ಯಾರ ಮಾತನ್ನೂ ಕೇಳುವುದಿಲ್ಲ. ಗುಡ್ಡೆಯ ನೆತ್ತಿ, ತೋಡು, ಪಂಚಾಯತು ಎಲ್ಲವನ್ನೂ ದಾಟಿ ಹೋಗಬಹುದು.

ನನ್ನದೇ ಒಂದು ತಪ್ಪು ಹೇಳುತ್ತೇನೆ. ವರ್ಷಗಳ ಹಿಂದೆ ನಾನೂ ಒಂದು ಬೋರ್ ಹಾಕಿಸಿದೆ. ಒಳ್ಳೆಯ ನೀರು ಬಂತು. ಗಾಡಿಯವರಿಗೆ ಪಾಯಸದ ಊಟ ಹಾಕಿದೆವು. ಎರಡನೇ ಬೇಸಗೆಗೆ ಗುಡ್ಡೆಯ ಆ ಬದಿಯ ಮನೆಯ ಸುರಂಗ ಸಪೂರವಾಯಿತು. ಮೂರನೆಯದಕ್ಕೆ ನಿಂತೇ ಹೋಯಿತು. ನನ್ನ ಬೋರೇ ಕಾರಣ ಎಂದು ಸಾಬೀತು ಮಾಡಲು ಆಗುವುದಿಲ್ಲ. ಅಲ್ಲ ಎಂದು ಹೇಳುವ ಧೈರ್ಯವೂ ನನಗಿಲ್ಲ. ಆ ಮನೆಯ ಅಜ್ಜಿ ಒಂದು ಮಾತೂ ಆಡಲಿಲ್ಲ. ಎಪ್ರಿಲ್‌ನಲ್ಲಿ ಕೊಡಪಾನ ಹಿಡಿದು ನಮ್ಮ ಜಗಲಿಗೆ ಬಂದು ನಿಂತರು, ಅಷ್ಟೆ. ಅವರ ಮನೆ ಬೇರೆ ಪಂಚಾಯತಿನಲ್ಲಿತ್ತು.

ರಾಜ್ಯದ ಗಡಿಯ ಕತೆಯೂ ಹೀಗೇ. ಶಿರಿಯಾ ಹೊಳೆ ಕರ್ನಾಟಕದ ಕಾಡಿನಲ್ಲಿ ಹುಟ್ಟಿ ಕುಂಬಳೆ ಹತ್ತಿರ ಕಡಲು ಸೇರುತ್ತದೆ. ಮೇಲೆ ತಾಲೂಕಿನ ಲೆಕ್ಕ, ಕೆಳಗೆ ಬ್ಲಾಕಿನ ಲೆಕ್ಕ, ಎರಡು ಪುಸ್ತಕ. ಅದನ್ನು ಸರಿ ಮಾಡಲು ನೀವೂ ಸಾಲದು, ನಾನೂ ಸಾಲದು. ನಿಮ್ಮ ತೋಡು ಮಾತ್ರ ಒಂದೇ ಜಿಲ್ಲೆಯೊಳಗೆ ಇದೆ. ಅಲ್ಲಿ ಏನಾದರೂ ಮಾಡಬಹುದು.

ಹಾಗಾಗಿ ನನ್ನ ಉತ್ತರ: ಈಗಿರುವ ಮನವಿಗೆ ಸಹಿ ಹಾಕಬೇಡಿ. ಅದನ್ನು ಹರಿದೂ ಹಾಕಬೇಡಿ. 'ನಮ್ಮನ್ನು ಆ ಬ್ಲಾಕಿನಿಂದ ತೆಗೆಯಿರಿ' ಎಂಬಲ್ಲಿ 'ಈ ತೋಡಿನ ಎರಡೂ ಕಡೆಯನ್ನು, ನೆತ್ತಿಯಿಂದ ನೆತ್ತಿಗೆ, ಒಂದೇ ಲೆಕ್ಕದಲ್ಲಿ ಹಿಡಿಯಿರಿ' ಎಂದು ತಿದ್ದಿ. ಕೇರಳದಲ್ಲಿ 2023ರಿಂದ ಪಂಚಾಯತುಗಳ ನೀರಿನ ಬಜೆಟ್ ಎಂಬ ಹೊಸ ಕೆಲಸ ಶುರುವಾಗಿದೆ. ತೋಡಿನ ಲೆಕ್ಕಕ್ಕೆ ಅದು ಒಳ್ಳೆಯ ಬಾಗಿಲು. ಎರಡು ಗ್ರಾಮಸಭೆಗಳಲ್ಲೂ ವಿಷಯ ಬರಲಿ. ಆಚೆಯವರ ಸಹಿ ಇಲ್ಲದ ಮನವಿಯನ್ನು ಕಚೇರಿಯವರು ಗಂಭೀರವಾಗಿ ತೆಗೆದುಕೊಂಡರೆ ನನಗೇ ಆಶ್ಚರ್ಯ.

ಅಳತೆಗೆ ಎಂಜಿನಿಯರ್ ಬೇಕಿಲ್ಲ. ಗಂಟು ಹಾಕಿದ ಒಂದು ಹಗ್ಗ, ತುದಿಗೆ ಕಲ್ಲು ಸಾಕು. ಡಿಸೆಂಬರಿನಿಂದ ಮೇ ತನಕ, ತಿಂಗಳಿಗೊಮ್ಮೆ, ಬೆಳಗ್ಗೆ ಪಂಪು ಹಾಕುವ ಮೊದಲು. ಈಚೆ ಐದು ಬಾವಿ, ಆಚೆ ಐದು ಬಾವಿ. ಸುರಂಗ ಇದ್ದರೆ ಒಂದು ಕೊಡಪಾನ ತುಂಬಲು ಎಷ್ಟು ನಿಮಿಷ ಎಂದು ಬರೆದಿಡಿ. ಎಷ್ಟು ಗಂಟೆ ಪಂಪು ಓಡುತ್ತದೆ ಎಂಬುದನ್ನೂ ಬರೆಯಿರಿ. ಇದನ್ನು ಮಾತ್ರ ಜನ ಸುಳ್ಳು ಹೇಳುತ್ತಾರೆ, ನಾನೂ ಹೇಳಿದ್ದೇನೆ. ಕರೆಂಟ್ ಬಿಲ್ಲು ನೋಡಿದರೆ ಗೊತ್ತಾಗುತ್ತದೆ. ಎರಡು ಬೇಸಗೆಯ ಪುಸ್ತಕ ಕೈಯಲ್ಲಿದ್ದರೆ ಕಾಸರಗೋಡಿನ ಅಂತರ್ಜಲ ಕಚೇರಿಯಲ್ಲಿ ನಿಮ್ಮ ಮಾತಿಗೆ ತೂಕ ಬರುತ್ತದೆ.

ತೋಡಿಗೆ ಕಟ್ಟ ಹಾಕುತ್ತೀರಾ? ಕಾಗದದಲ್ಲಿ ಆ ಸುದ್ದಿಯೇ ಇಲ್ಲ. ಅದೇ ಕುಂಬ್ಡಾಜೆಯ ಏತಡ್ಕದಲ್ಲಿ ಹಿಂದಿನಿಂದಲೂ ಕಟ್ಟ ಕಟ್ಟಿ ನೀರು ನಿಲ್ಲಿಸುತ್ತಾ ಬಂದಿದ್ದಾರೆ. ಒಮ್ಮೆ ಹೋಗಿ ನೋಡಿ. ಕಟ್ಟ ಹಾಕಬೇಕಾದರೆ ಎರಡು ದಡದವರೂ ಮಣ್ಣು ಹೊರಬೇಕು. ಬ್ಲಾಕು ಯಾವುದು ಅಂತ ಅಲ್ಲಿ ಯಾರೂ ಕೇಳುವುದಿಲ್ಲ.

ಒಂದು ಎಚ್ಚರಿಕೆ. ಎರಡು ದಡವನ್ನು ಸೇರಿಸಿ ಲೆಕ್ಕ ಹಾಕಿದಾಗ ನಿಮ್ಮ ಕಡೆಗೆ ಅನುಮತಿಯ ಕಿರಿಕಿರಿ ತಪ್ಪುವುದರ ಬದಲು ನಿಮ್ಮ ಭಾವನ ಕಡೆಗೂ ಅದು ಬರಬಹುದು. ಅವರಿಗೆ ಮೊದಲೇ ಹೇಳಿಬಿಡಿ. ಆಮೇಲೆ ಗೊತ್ತಾದರೆ ಅಕ್ಕನಿಗೋ ತಂಗಿಗೋ ಮಧ್ಯದಲ್ಲಿ ಸಂಕಟ. ಈ ಉತ್ತರವನ್ನು ಅವರಿಗೂ ಓದಿ ಹೇಳಿ. ಹಾಗೆಯೇ ಅವರ ಬೋರ್‌ನಲ್ಲಿ ಹಾಕಿಸಿದ ದಿನ ಎಷ್ಟು ಇಂಚು ನೀರಿತ್ತು, ಈ ಮಾರ್ಚಿಯಲ್ಲಿ ಎಷ್ಟಿದೆ ಎಂದು ಕೇಳಿ, ಮುಂದಿನ ಕಾಗದದಲ್ಲಿ ತಿಳಿಸಿ.